ಹಳೇ ಕಾರಿನ ಡಿಫರೆನ್ಶಿಯಲ್ ಬದಲಾವಣೆ: ಓಟ ಬೇಕೋ, ಎಳೆತ ಬೇಕೋ?

ಡಬ್ಲಿನ್: ಸೌದಿ, ಕುವೈತ್, ದುಬೈ ಕಡೆ ವರ್ಷಗಟ್ಟಲೆ ದುಡಿದು ಆಮೇಲೆ ಐರ್ಲೆಂಡಿಗೆ ಹೋಗಿ ನೆಲೆಸಿದ ನಮ್ಮವರು ಕಡಿಮೆಯೇನಿಲ್ಲ. ಗಲ್ಫ್‌ನಲ್ಲಿದ್ದಾಗ ಕಂಪನಿ ಗಾಡಿ ಓಡಿಸಿದವರಿಗೆ ಅಲ್ಲಿ ಹೋದ ಮೇಲೆ ಸ್ವಂತಕ್ಕೆ ಒಂದು ಕಾರು, ಸ್ವಲ್ಪ ಬಿಡುವು ಸಿಕ್ಕಿದರೆ ಹಳೇ ಕಾರಿನ ಹುಚ್ಚು, ಎರಡೂ ಬರುವುದು ಸಹಜ. ಡಬ್ಲಿನ್ ನಗರದ ಪಶ್ಚಿಮ ಅಂಚಿನಲ್ಲಿರುವ ಕ್ಯಾಸಲ್‌ನಾಕ್ ಅಂಥ ಹುಚ್ಚಿಗೆ ಒಳ್ಳೆಯ ಜಾಗವೂ ಹೌದು, ಕಷ್ಟದ ಜಾಗವೂ ಹೌದು. ಮನೆಯಿಂದ ಒಂದು ಕಡೆಗೆ ಹೊರಟರೆ ಫೀನಿಕ್ಸ್ ಪಾರ್ಕ್. ಅಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಇನ್ನೊಂದು ಕಡೆಗೆ ಹೊರಟರೆ ಐದು ನಿಮಿಷದಲ್ಲಿ ಎಂ50 ಹೆದ್ದಾರಿ; ಅಲ್ಲಿ ಮಿತಿ 100. ಹಿಂದೆ ಮುಂದೆ ಲಾರಿಗಳು, ಮಧ್ಯದಲ್ಲಿ ಅರವತ್ತು ವರ್ಷದ ಹಳೇ ಕಾರು. ಇಂಜಿನ್ ಅರಚಾಟಕ್ಕೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸೋದಿಲ್ಲ.

ಆಗ ಗ್ಯಾರೇಜಿನವರೋ ಹಳೇ ಕಾರಿನ ಗೆಳೆಯರೋ ಒಂದು ಸಲಹೆ ಕೊಡ್ತಾರೆ: "ಡಿಫರೆನ್ಶಿಯಲ್ ಬದಲಿಸಿ, ಎಲ್ಲ ಸರಿಹೋಗುತ್ತೆ." ಸಲಹೆ ತಪ್ಪಲ್ಲ. ಆದರೆ "ಎಲ್ಲ ಸರಿಹೋಗುತ್ತೆ" ಅನ್ನೋದು ಮಾತ್ರ ನಿಜವಲ್ಲ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ಕಳೆಯುತ್ತದೆ. ಏನು ಸಿಗುತ್ತೆ, ಏನು ಹೋಗುತ್ತೆ, ಬೇರೆ ಯಾವ ಯಾವ ಲೆಕ್ಕ ತಪ್ಪುತ್ತೆ ಎಂಬುದನ್ನು ದುಡ್ಡು ಕೊಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಡಿಫರೆನ್ಶಿಯಲ್ ಮಾಡುವ ಎರಡು ಕೆಲಸ

ಹಿಂದಿನ ಚಕ್ರ ತಿರುಗುವ ಕಾರು, ಜೀಪು, ಲಾರಿಗಳಲ್ಲಿ ಹಿಂಬದಿ ಎಕ್ಸಲಿನ ನಡುವೆ ಗುಂಡಗೆ ಕುಂಬಳಕಾಯಿಯಂತೆ ಕಾಣುವ ಡಬ್ಬಿಯೇ ಡಿಫರೆನ್ಶಿಯಲ್ ಹೌಸಿಂಗ್. ಅದರೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ.

ಮೊದಲನೆಯದು, ಹೆಸರಿಗೆ ತಕ್ಕ ಕೆಲಸ. ಕಾರು ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡು ಹಿಂದಿನ ಚಕ್ರಗಳ ನಡುವೆ 1.28 ಮೀಟರ್ ಅಂತರ ಇರುವ ಕಾರು ಒಂದು ರೌಂಡಬೌಟನ್ನು ಪೂರ್ತಿ ಸುತ್ತಿದರೆ ಹೊರಗಿನ ಚಕ್ರ ಸುಮಾರು 8 ಮೀಟರ್ ಹೆಚ್ಚು ಓಡಿರುತ್ತದೆ. ರೌಂಡಬೌಟ್ ಚಿಕ್ಕದಿರಲಿ ದೊಡ್ಡದಿರಲಿ, ಈ 8 ಮೀಟರ್ ಬದಲಾಗೋದಿಲ್ಲ. ಎರಡೂ ಚಕ್ರವನ್ನು ಒಂದೇ ಸರಳಿಗೆ ಬಿಗಿದುಬಿಟ್ಟರೆ ಒಂದು ಟೈರು ಉಜ್ಜಲೇಬೇಕು. ಈ ವ್ಯತ್ಯಾಸವನ್ನು ಹಂಚಿಕೊಡುವುದು ಒಳಗಿರುವ ಸಣ್ಣ ಸ್ಟಾರ್ ಗೇರುಗಳು. ಫ್ರಾನ್ಸಿನ ಒನೆಸಿಫೋರ್ ಪೆಕೆರ್ ಎಂಬಾತ ಈ ಏರ್ಪಾಟಿಗೆ 1820ರ ದಶಕದಲ್ಲೇ ಪೇಟೆಂಟ್ ಪಡೆದಿದ್ದ. ಅಂದರೆ ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲು.

ಎರಡನೆಯದು, ತಿರುಗುವ ವೇಗವನ್ನು ಇಳಿಸುವ ಕೆಲಸ. ಗೇರ್‌ಬಾಕ್ಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಸಣ್ಣ ಪಿನಿಯನ್, ಅದಕ್ಕೆ ಕಚ್ಚಿಕೊಂಡು ದೊಡ್ಡ ಕ್ರೌನ್ ವೀಲ್. ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 38 ಹಲ್ಲು ಇದ್ದರೆ 38ನ್ನು 9ರಿಂದ ಭಾಗಿಸಿ: 4.22. ಶಾಫ್ಟ್ 4.22 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಇದೇ ರೇಶಿಯೊ. ಜನ "ಡಿಫರೆನ್ಶಿಯಲ್ ಬದಲಿಸೋದು" ಅಂತ ಹೇಳುವಾಗ ನಿಜವಾಗಿ ಬದಲಾಗುವುದು ಈ ಕ್ರೌನ್ ಮತ್ತು ಪಿನಿಯನ್ ಜೋಡಿ.

ನೆನಪಿಟ್ಟುಕೊಳ್ಳಲು ಸುಲಭ ಸೂತ್ರ: ಸಂಖ್ಯೆ ದೊಡ್ಡದಾದರೆ ಎಳೆತ, ಸಣ್ಣದಾದರೆ ಓಟ. 4.5 ರೇಶಿಯೊದ ಗಾಡಿ ಘಾಟಿ ಹತ್ತುವಾಗ ಖುಷಿ ಕೊಡುತ್ತೆ, ಹೆದ್ದಾರಿಯಲ್ಲಿ ಕಿರುಚುತ್ತೆ. 3.7ರ ಗಾಡಿ ಹೆದ್ದಾರಿಯಲ್ಲಿ ತಣ್ಣಗೆ ಓಡುತ್ತೆ, ಏರು ಬಂದಾಗ ಗೇರ್ ಇಳಿಸು ಅನ್ನುತ್ತೆ. ಇಂಜಿನ್ ಅದೇ, ಶಕ್ತಿ ಅದೇ.

ಡಬ್ಲಿನ್‌ನಲ್ಲೂ ಜೋಡಿಸಿದ್ದ, ನಮ್ಮಲ್ಲೂ ಓಡಿದ ಮೈನರ್

ಉದಾಹರಣೆಗೆ ಒಂದು ಕಾರು ಬೇಕಲ್ಲ? ಈ ಬದಲಾವಣೆಗೆ ಬಹಳ ಹೆಸರಾದ ಕಾರು ಮಾರಿಸ್ ಮೈನರ್. ಅಲೆಕ್ ಇಸಿಗೋನಿಸ್ ವಿನ್ಯಾಸ ಮಾಡಿದ ಈ ಪುಟ್ಟ ಕಾರು 1948ರಲ್ಲಿ ಇಂಗ್ಲೆಂಡಿನಲ್ಲಿ ಬಂತು, 1970ರ ದಶಕದ ಆರಂಭದವರೆಗೂ ತಯಾರಾಯಿತು. ಹತ್ತು ಲಕ್ಷ ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ಡಬ್ಲಿನ್‌ನಲ್ಲಿ ಜಿ. ಎ. ಬ್ರಿಟ್ಟನ್ ಕಂಪನಿ ಇದನ್ನು ಬಿಡಿಭಾಗ ತರಿಸಿ ಜೋಡಿಸುತ್ತಿತ್ತು. ಹಾಗಾಗಿ ಐರ್ಲೆಂಡಿನ ಹಿರಿಯರಿಗೆ ಅದು ಪರದೇಶದ ಕಾರಲ್ಲ, ಟೀಚರು, ಪಾದ್ರಿ, ನರ್ಸಮ್ಮ ಓಡಿಸುತ್ತಿದ್ದ ಮನೆಯ ಕಾರು.

ನಮ್ಮವರಿಗೂ ಅದು ಪೂರ್ತಿ ಅಪರಿಚಿತವಲ್ಲ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ 1950ರ ದಶಕದಲ್ಲಿ ಇದೇ ಮೈನರನ್ನು "ಬೇಬಿ ಹಿಂದೂಸ್ತಾನ್" ಅಂತ ಮಾರಿತ್ತು. ಅದರ ದೊಡ್ಡಣ್ಣ ಮಾರಿಸ್ ಆಕ್ಸ್‌ಫರ್ಡ್ ಕಾರೇ ನಮ್ಮ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಯಿತು. ಅಜ್ಜನ ಕಾಲದ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಆಗುಂಬೆಯ ತಿರುವುಗಳನ್ನು ಹತ್ತಿದ ನೆನಪಿದ್ದವರಿಗೆ ಮೈನರಿನ ಬಾಗಿಲು ತೆಗೆದಾಗ ಬರುವ ವಾಸನೆ ಹೊಸದೇನಲ್ಲ.

ಮೈನರಿನ ಚರಿತ್ರೆಯಲ್ಲೇ ರೇಶಿಯೊದ ಪಾಠ ಇದೆ. 1952ರಲ್ಲಿ ಅದಕ್ಕೆ 803 ಸಿಸಿ ಇಂಜಿನ್ ಬಂತು. ಶಕ್ತಿ ಸುಮಾರು 30 ಕುದುರೆ. ಅಷ್ಟು ಸಣ್ಣ ಇಂಜಿನ್ ನಾಲ್ಕು ಜನರನ್ನು ಎಳೆಯಬೇಕಾದರೆ ರೇಶಿಯೊ 5ಕ್ಕಿಂತ ಹೆಚ್ಚು ಇಡಬೇಕಾಯಿತು. 1956ರಲ್ಲಿ 948 ಸಿಸಿ ಬಂದಾಗ 4.55ಕ್ಕೆ ಇಳಿಸಿದರು. 1962ರಲ್ಲಿ 1098 ಸಿಸಿ, 48 ಕುದುರೆ ಶಕ್ತಿ ಬಂದಾಗ 4.22. ಇಂಜಿನ್ ಬಲಿತಂತೆ ಸಂಖ್ಯೆ ಇಳಿಯುತ್ತಾ ಬಂತು. ಕಂಪನಿಯವರೇ ಮಾಡಿದ್ದನ್ನು ಹಳೇ ಕಾರಿನವರು ಒಂದು ಹೆಜ್ಜೆ ಮುಂದೆ ಒಯ್ಯುತ್ತಾರೆ, ಅಷ್ಟೇ. ಅದೇ ಬಳಗದ ಸ್ಪೋರ್ಟ್ಸ್ ಕಾರು ಎಂಜಿ ಮಿಜೆಟ್. ಅದರ 1275 ಸಿಸಿಯ ಕೊನೆಕೊನೆಯ ಕಾರುಗಳಲ್ಲಿ 3.9 ರೇಶಿಯೊ ಇತ್ತು. ಆ ಡಿಫರೆನ್ಶಿಯಲ್ ಮೈನರಿನ ಎಕ್ಸಲಿಗೆ ಕೂರುತ್ತದೆ. ಅದಕ್ಕೇ ಈ ಬದಲಾವಣೆ ಅಷ್ಟು ಹೆಸರಾಗಿದ್ದು.

ಎಂ50ಯಲ್ಲಿ 100ರ ಲೆಕ್ಕ

ಮೈನರಿನ ಚಕ್ರ ಒಂದು ಸುತ್ತಿಗೆ ಸುಮಾರು 1.82 ಮೀಟರ್ ಓಡುತ್ತದೆ ಎಂದು ಇಟ್ಟುಕೊಳ್ಳಿ. ಗಂಟೆಗೆ 100 ಕಿಲೋಮೀಟರ್ ಅಂದರೆ ನಿಮಿಷಕ್ಕೆ 1667 ಮೀಟರ್, ಅಂದರೆ ಚಕ್ರದ 916 ಸುತ್ತು. ಟಾಪ್ ಗೇರಿನಲ್ಲಿ ಇಂಜಿನ್ ಸುತ್ತು ಬೇಕಾದರೆ ಇದನ್ನು ರೇಶಿಯೊದಿಂದ ಗುಣಿಸಿದರೆ ಮುಗೀತು:

4.55 (9 ಮತ್ತು 41 ಹಲ್ಲು): ನಿಮಿಷಕ್ಕೆ ಸುಮಾರು 4170 ಸುತ್ತು
4.22 (9 ಮತ್ತು 38 ಹಲ್ಲು): ಸುಮಾರು 3870 ಸುತ್ತು
3.9 (10 ಮತ್ತು 39 ಹಲ್ಲು): ಸುಮಾರು 3570 ಸುತ್ತು
3.73 (11 ಮತ್ತು 41 ಹಲ್ಲು): ಸುಮಾರು 3410 ಸುತ್ತು

4.22ರಿಂದ 3.9ಕ್ಕೆ ಬಂದರೆ ನಿಮಿಷಕ್ಕೆ 300 ಸುತ್ತು ಉಳಿಯುತ್ತೆ. ಶೇಕಡಾ 7.6. ಹೇಳೋಕೆ ಸಣ್ಣದು, ಆದರೆ ಒಂದು ಗಂಟೆ ಪ್ರಯಾಣ ಮುಗಿಸಿ ಇಳಿದ ಮೇಲೆ ಕಿವಿಗೆ ಗೊತ್ತಾಗುವಷ್ಟು. ವರ್ಷಕ್ಕೆ 4000 ಕಿಲೋಮೀಟರ್ ಟಾಪ್ ಗೇರಿನಲ್ಲಿ ಓಡಿದರೆ ಇಂಜಿನ್ ಸುಮಾರು 7 ಲಕ್ಷ ಸುತ್ತು ಕಡಿಮೆ ತಿರುಗಿರುತ್ತದೆ. ಪಿಸ್ಟನ್, ಬೇರಿಂಗ್ ಸವೆತಕ್ಕೆ ಇದು ಒಳ್ಳೆಯದೇ.

ಇನ್ನು ಖರ್ಚಿನ ಕಡೆ. ಅದೇ ಶೇಕಡಾ 7.6 ಎಳೆತ ಪ್ರತಿಯೊಂದು ಗೇರಿನಲ್ಲೂ ಹೋಗುತ್ತದೆ. 1098 ಸಿಸಿ ಮೈನರಿನ ಮೊದಲ ಗೇರು 3.63. 4.22 ಡಿಫರೆನ್ಶಿಯಲ್ ಇದ್ದಾಗ ಇಂಜಿನ್ನಿಂದ ಚಕ್ರಕ್ಕೆ ಒಟ್ಟು ಗುಣಕ 15.3, 3.9 ಹಾಕಿದರೆ 14.15. ಕಾರಿನ ತೂಕ ಸುಮಾರು 750 ಕೆಜಿ. ಅದಕ್ಕೆ ನಾಲ್ಕು ಜನ ದೊಡ್ಡವರು, ಊಟದ ಬುತ್ತಿ, ಚಾಪೆ ಹಾಕಿಕೊಂಡು ಭಾನುವಾರ ವಿಕ್ಲೋ ಬೆಟ್ಟದ ಸ್ಯಾಲಿ ಗ್ಯಾಪ್ ಕಡೆ ಹೊರಟರೆ ಏರಿನಲ್ಲಿ ನಿಂತು ಮತ್ತೆ ಎತ್ತುವಾಗ ಕ್ಲಚ್ ಸ್ವಲ್ಪ ಹೆಚ್ಚು ಒದ್ದಾಡಬೇಕು. ಮೊದಲು ಟಾಪ್ ಗೇರಿನಲ್ಲೇ ಹತ್ತುತ್ತಿದ್ದ ಏರಿಗೆ ಈಗ ಮೂರನೇ ಗೇರು ಬೇಕಾಗಬಹುದು.

ಹಾಗಾದರೆ ಇನ್ನೂ ಇಳಿಸಿ 3.73 ಹಾಕಿದರೆ? ವೂಲ್ಸ್‌ಲಿ 1500, ರೈಲಿ 1.5 ಕಾರುಗಳಲ್ಲಿ ಅದಿತ್ತು. ಆದರೆ ಆ ಕಾರುಗಳಿಗೆ 1489 ಸಿಸಿ ಇಂಜಿನ್ ಇತ್ತು. ನಮ್ಮ ಹಳೇ ಅಂಬಾಸಿಡರಿನಲ್ಲಿದ್ದ ಇಂಜಿನ್ ಬಳಗವೇ ಅದು. ಅದಕ್ಕೆ ತಕ್ಕ ರೇಶಿಯೊವನ್ನು 1098 ಸಿಸಿಗೆ ಕಟ್ಟಿದರೆ ಇಂಜಿನ್ನಿಗೆ ಎಳೆಯಲಾರದ ಹೊರೆ. ಎದುರು ಗಾಳಿಗೆ ಟಾಪ್ ಗೇರ್ ಹಿಡಿಯಲಾರದೆ ಪದೇ ಪದೇ ಮೂರನೇ ಗೇರಿಗೆ ಇಳಿಸಬೇಕಾಗುತ್ತೆ. ಮೂರನೇ ಗೇರಿನಲ್ಲಿ ಓಡಿದರೆ ಸುತ್ತು ಮೊದಲಿಗಿಂತಲೂ ಹೆಚ್ಚು! ಉಳಿತಾಯ ಮಾಡೋಕೆ ಹೋಗಿ ಸಾಲ ಮಾಡಿದ ಹಾಗೆ. ಜೊತೆಗೆ ಅದನ್ನು ಮೈನರಿಗೆ ಕೂರಿಸುವುದೂ ಮಿಜೆಟಿನದರಷ್ಟು ಸುಲಭವಲ್ಲ.

ಕ್ಯಾಸಲ್‌ನಾಕ್ ಗೇಟಿನ ಆಚೆಗಿನ ಪಾಠ

ಯಾವ ರಸ್ತೆಗೆ ಯಾವ ರೇಶಿಯೊ ಅನ್ನುವ ಪ್ರಶ್ನೆ ಕ್ಯಾಸಲ್‌ನಾಕ್‌ಗೆ ಹೊಸದಲ್ಲ. ಊರಿನ ಪಕ್ಕದಲ್ಲೇ ಫೀನಿಕ್ಸ್ ಪಾರ್ಕಿನ ಕ್ಯಾಸಲ್‌ನಾಕ್ ಗೇಟ್. ಅಲ್ಲಿಂದ ನಗರದ ಕಡೆಗೆ ಪಾರ್ಕನ್ನು ಸೀಳಿಕೊಂಡು ನೇರವಾಗಿ ಹೋಗುವ ರಸ್ತೆ ಚೆಸ್ಟರ್‌ಫೀಲ್ಡ್ ಅವೆನ್ಯೂ. ಈಗ ಜಿಂಕೆ ನೋಡೋಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಈ ಪಾರ್ಕಿನಲ್ಲಿ 1929ರಿಂದ 1931ರವರೆಗೆ ಐರಿಶ್ ಗ್ರ್ಯಾಂಡ್ ಪ್ರೀ ಕಾರ್ ರೇಸ್ ನಡೆದಿತ್ತು. 1930ರಲ್ಲಿ ಗೆದ್ದವನು ಮರ್ಸಿಡಿಸ್ ಓಡಿಸಿದ ರುಡಾಲ್ಫ್ ಕರಾಚಿಯೋಲಾ. ಮರುವರ್ಷ ಸಣ್ಣ ಎಂಜಿ ಕಾರಿನಲ್ಲಿ ನಾರ್ಮನ್ ಬ್ಲ್ಯಾಕ್ ಗೆದ್ದ.

ರೇಸಿನವರು ರೇಶಿಯೊ ಆರಿಸುವ ರೀತಿ ಸರಳ: ಅತಿ ಉದ್ದದ ನೇರ ರಸ್ತೆಯ ತುದಿ ಮುಟ್ಟುವಾಗ ಇಂಜಿನ್ ತನ್ನ ಪೂರ್ತಿ ಶಕ್ತಿಯ ಸುತ್ತಿನಲ್ಲಿರಬೇಕು. ಅದಕ್ಕಿಂತ ಮೊದಲೇ ಸುತ್ತು ಮುಗಿದರೆ ರೇಶಿಯೊ ಗಿಡ್ಡ; ಅಲ್ಲಿಗೂ ಮುಟ್ಟದಿದ್ದರೆ ಉದ್ದ. ಮನೆಯ ಕಾರಿಗೂ ಇದೇ ಪ್ರಶ್ನೆ ಹಾಕಬೇಕು, ಆದರೆ ಉತ್ತರ ಬೇರೆ. ವಾರದಲ್ಲಿ ಆರು ದಿನ ಪಾರ್ಕಿನ 30, ಬಡಾವಣೆಯ 50ರಲ್ಲೇ ಓಡುವ ಕಾರಿಗೆ ವರ್ಷಕ್ಕೆ ನಾಲ್ಕು ಸಲದ ಹೆದ್ದಾರಿಗಾಗಿ ಎಳೆತ ಕಳೆಯುವುದು ಜಾಣತನವಲ್ಲ. ಎಂ50, ಎಂ3 ಹಿಡಿದು ಪ್ರತಿ ವಾರ ದೂರ ಹೋಗುವವರಿಗೆ 3.9 ತುಂಬಾ ಉಪಕಾರಿ.

ಕೆಲಸ ಹೇಗೆ ನಡೆಯುತ್ತೆ?

ಮೊದಲು ಈಗ ಯಾವ ರೇಶಿಯೊ ಇದೆ ಅನ್ನೋದು ಖಚಿತವಾಗಬೇಕು. ಅರವತ್ತು ವರ್ಷದಲ್ಲಿ ಹಿಂದಿನ ಮಾಲೀಕರು ಯಾರೋ ಬದಲಿಸಿರಬಹುದು. ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಡಬೇಕು. ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಒಬ್ಬರು ಒಂದು ಚಕ್ರವನ್ನು ಅಲ್ಲಾಡದಂತೆ ಹಿಡಿದುಕೊಂಡರೆ ಇನ್ನೊಬ್ಬರು ಮತ್ತೊಂದು ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೊ. ನಾಲ್ಕು ಸುತ್ತು ಮುಗಿದು ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಬಂದರೆ 4.22, ನಾಲ್ಕಕ್ಕೆ ತುಸು ಕಡಿಮೆ ಬಂದರೆ 3.9. ಕೊಳ್ಳಲು ಹೊರಟ ಹಳೇ ಡಿಫರೆನ್ಶಿಯಲನ್ನೂ ಹಲ್ಲು ಎಣಿಸಿಯೇ ತಗೊಳ್ಳಬೇಕು. ಮಾರುವವರ ಬಾಯಿ ಮಾತಿನ ಮೇಲೆ ಹೋಗಬಾರದು.

ಮೈನರಿನಲ್ಲಿ ಒಂದು ಅನುಕೂಲ ಇದೆ. ಇಡೀ ಡಿಫರೆನ್ಶಿಯಲ್ ಒಂದೇ ಗಟ್ಟಿಯಾಗಿ ಎಕ್ಸಲಿನ ಮುಂಭಾಗದಿಂದ ಹೊರಗೆ ಬರುತ್ತೆ. ಆಯಿಲ್ ಇಳಿಸಿ, ಚಕ್ರ, ಬ್ರೇಕ್ ಡ್ರಮ್ ತೆಗೆದು, ಎರಡೂ ಎಕ್ಸಲ್ ಶಾಫ್ಟ್ ಹೊರಗೆಳೆದು, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ಬಿಚ್ಚಿ, ಸುತ್ತಲಿನ ನಟ್‌ಗಳನ್ನು ತೆಗೆದರೆ ಹಳೇದು ಹೊರಗೆ, ಹೊಸದು ಒಳಗೆ. ಒಳಗಿನ ಹೊಂದಾಣಿಕೆ ಮುಟ್ಟುವ ಅಗತ್ಯವಿಲ್ಲ. ತೂಕ ಮಾತ್ರ ಜೋಪಾನ. ಮಲಗಿಕೊಂಡು ಎದೆ ಮೇಲೆ ಇಳಿಸಿಕೊಳ್ಳುವ ವಸ್ತುವಲ್ಲ ಅದು.

ಹೌಸಿಂಗ್ ಹಳೇದೇ ಇಟ್ಟು ಕ್ರೌನ್, ಪಿನಿಯನ್ ಮಾತ್ರ ಬದಲಿಸುವುದು ಬೇರೆಯೇ ಕಥೆ. ಆ ಎರಡು ಗೇರುಗಳನ್ನು ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದರ ಕ್ರೌನ್‌ಗೆ ಇನ್ನೊಂದರ ಪಿನಿಯನ್ ಹಾಕಿದರೆ ಹಲ್ಲಿನ ಲೆಕ್ಕ ಸರಿಯಿದ್ದರೂ ಸಂಸಾರ ನಡೆಯೋದಿಲ್ಲ. ಜೋಡಿ ಸರಿಯಿದ್ದರೂ ಪಿನಿಯನ್ ಎಷ್ಟು ಒಳಗೆ ಕೂರಬೇಕು, ಬೇರಿಂಗ್ ಎಷ್ಟು ಬಿಗಿ ಇರಬೇಕು, ಹಲ್ಲುಗಳ ನಡುವೆ ಪ್ಲೇ ಎಷ್ಟು ಬಿಡಬೇಕು ಎಂಬುದನ್ನು ತೆಳು ಶಿಮ್ ಹಾಕಿ, ಡಯಲ್ ಗೇಜ್ ಇಟ್ಟು ಅಳೆಯಬೇಕು. ಪ್ಲೇ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಮಾತ್ರ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ ಅಚ್ಚು ಎಲ್ಲಿ ಬಿತ್ತು ಅಂತ ನೋಡಬೇಕು. ಇದು ಕೈ ಪಳಗಿದ ಮೇಸ್ತ್ರಿಯ ಕೆಲಸ. ಯೂಟ್ಯೂಬ್ ನೋಡಿ ಮಾಡುವಂಥದ್ದಲ್ಲ. ತಪ್ಪಿದರೆ ಮೊದಲ ದಿನದಿಂದಲೇ "ಹೂಂ..." ಅಂತ ಗೋಳಾಟ, ಕೆಲವೇ ಸಾವಿರ ಕಿಲೋಮೀಟರಿಗೆ ಹಲ್ಲು ಪುಡಿ.

ಎರಡು ಸಣ್ಣ ವಿಷಯ ಮರೆತರೆ ದೊಡ್ಡ ನಷ್ಟ. ಒಂದು, ಆಯಿಲ್. ಮೈನರಿನ ಗೇರ್‌ಬಾಕ್ಸಿಗೆ ಇಂಜಿನ್ ಆಯಿಲ್ಲೇ ಹಾಕುವುದು. ಆದರೆ ಹಿಂಬದಿ ಎಕ್ಸಲಿಗೆ ಹೈಪಾಯ್ಡ್ ಗೇರಿನ ಇ.ಪಿ. 90 ಆಯಿಲ್ ಬೇಕೇ ಬೇಕು, ಸುಮಾರು 0.85 ಲೀಟರ್. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಸಾದಾ ಆಯಿಲ್ ಆ ಒತ್ತಡ ತಡೆಯೋದಿಲ್ಲ. ಎರಡು, ಎಕ್ಸಲ್ ಶಾಫ್ಟಿನ ತುದಿಯ ಪೇಪರ್ ಗ್ಯಾಸ್ಕೆಟ್ ಮತ್ತು ರಬ್ಬರ್ ರಿಂಗ್. "ಚೆನ್ನಾಗೇ ಇದೆ ಬಿಡಿ" ಅಂತ ಹಳೇದನ್ನೇ ಹಾಕಿದರೆ ಆಯಿಲ್ ಸೋರಿ ಬ್ರೇಕ್ ಶೂ ಮೇಲೆ ಇಳಿಯುತ್ತೆ. ಎಂ50ಯಲ್ಲಿ ಮುಂದಿನ ಲಾರಿ ದಿಢೀರ್ ನಿಂತಾಗಲೇ ಅದು ಗೊತ್ತಾಗಬೇಕು ಅಂತಿಲ್ಲವಲ್ಲ?

ಸುಳ್ಳು ಹೇಳುವ ಸ್ಪೀಡೋಮೀಟರ್

ಬಹಳ ಜನ ಎಡವುವುದು ಇಲ್ಲಿ. ಹಳೇ ಕಾರಿನಲ್ಲಿ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನ ಹಿಂಭಾಗದಿಂದ ಬರುತ್ತದೆ. ಅದು ಎಣಿಸುವುದು ಶಾಫ್ಟಿನ ಸುತ್ತನ್ನು, ಚಕ್ರದ ಸುತ್ತನ್ನಲ್ಲ. 3.9 ಹಾಕಿದ ಮೇಲೆ ಅದೇ ವೇಗಕ್ಕೆ ಶಾಫ್ಟ್ ಕಡಿಮೆ ಸುತ್ತುತ್ತದೆ. ಮೀಟರ್ ಕಡಿಮೆ ತೋರಿಸುತ್ತದೆ. ಮುಳ್ಳು 50 ಅಂದರೆ ನಿಜ 54; ಮುಳ್ಳು 100 ಅಂದರೆ ನಿಜ 108. ಓಡಿದ ಕಿಲೋಮೀಟರೂ ಕಡಿಮೆಯೇ ದಾಖಲಾಗುತ್ತೆ: ನಿಜವಾಗಿ 4000 ಓಡಿದ್ದಕ್ಕೆ ಮೀಟರಿನಲ್ಲಿ ಸುಮಾರು 3700. ಸರ್ವಿಸ್ ಲೆಕ್ಕ ತಪ್ಪುತ್ತೆ, ಕಾರು ಮಾರುವಾಗ ಕೊಳ್ಳುವವರಿಗೆ ತಪ್ಪು ಲೆಕ್ಕ ಕೊಟ್ಟಂತೆಯೂ ಆಗುತ್ತೆ.

ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ಮಾತ್ರ ತೋರಿಸಬಾರದು ಎಂಬುದು ಯುರೋಪಿನ ಹೊಸ ಕಾರುಗಳಿಗಿರುವ ನಿಯಮ. ಐರ್ಲೆಂಡಿನಲ್ಲಿ ಮಿತಿ ಮೀರಿದರೆ 160 ಯೂರೋ ದಂಡ, ಲೈಸೆನ್ಸಿಗೆ 3 ಪೆನಾಲ್ಟಿ ಪಾಯಿಂಟ್. ಮೂರು ವರ್ಷದೊಳಗೆ 12 ಪಾಯಿಂಟ್ ಆದರೆ ಲೈಸೆನ್ಸ್ ಆರು ತಿಂಗಳು ಹೋಗುತ್ತೆ. "ಮೀಟರ್ ಹಾಗೆ ತೋರಿಸ್ತಿತ್ತು ಸರ್" ಅಂದರೆ ಕ್ಯಾಮೆರಾ ಕೇಳೋದಿಲ್ಲ. ಆದ್ದರಿಂದ ಸ್ಪೀಡೋಮೀಟರನ್ನು ಹೊಸ ರೇಶಿಯೊಗೆ ಹೊಂದಿಸಿಕೊಡುವ ರಿಪೇರಿಯವರ ಖರ್ಚನ್ನೂ ಮೊದಲೇ ಬಜೆಟ್ಟಿಗೆ ಸೇರಿಸಬೇಕು. ಅಲ್ಲಿಯವರೆಗೆ ಮೊಬೈಲಿನ ಜಿಪಿಎಸ್ ವೇಗವನ್ನೇ ನಂಬಬೇಕು. ಚಕ್ರದ ಸೆನ್ಸರ್‌ನಿಂದಲೇ ವೇಗ ಓದುವ ಹೊಸ ಕಾರುಗಳಿಗೆ ಈ ತೊಂದರೆ ಇಲ್ಲ.

ಗಲ್ಫ್‌ನಲ್ಲಿರುವವರಿಗೆ ಇದೇ ಪಾಠ ಟೈರಿನ ಮೂಲಕ ಬರುತ್ತೆ. ಮರಳಿಗೆ ಇಳಿಸೋಣ ಅಂತ 31 ಇಂಚಿನ ಟೈರು ತೆಗೆದು 35 ಇಂಚಿನದು ಹಾಕಿದರೆ 4.1 ರೇಶಿಯೊದ ಗಾಡಿ ಒಮ್ಮೆಲೇ 3.63ರ ಗಾಡಿಯಂತೆ ವರ್ತಿಸುತ್ತೆ. ದಿಬ್ಬ ಹತ್ತೋಕೆ ಒದ್ದಾಟ. ಮೊದಲಿನ ಎಳೆತ ಮತ್ತೆ ಬರಬೇಕಾದರೆ ಡಿಫರೆನ್ಶಿಯಲ್ 4.63ರ ಆಸುಪಾಸಿಗೆ ಹೋಗಬೇಕು. ಮಾಡದಿದ್ದರೆ ಮೀಟರಿನ 120 ನಿಜಕ್ಕೆ 135. ಅಬುಧಾಬಿಯಲ್ಲಿ 2018ರಿಂದ ರೇಡಾರ್ ಬಫರ್ ಕೂಡ ಇಲ್ಲ ಅನ್ನೋದು ನೆನಪಿರಲಿ.

ನಾಲ್ಕು ಚಕ್ರದ ಎಳೆತ ಇರುವ ಗಾಡಿಗೆ ಇನ್ನೊಂದು ಕಟ್ಟುಪಾಡು. ಹಿಂದಿನ ಮತ್ತು ಮುಂದಿನ ಎರಡೂ ಡಿಫರೆನ್ಶಿಯಲ್ ಒಟ್ಟಿಗೆ ಬದಲಾಗಬೇಕು. ಮಲೆನಾಡು, ಕೊಡಗಿನ ತೋಟಗಳಲ್ಲಿ ಈಗಲೂ ಕಾಣುವ ಹಳೇ ಜೀಪುಗಳಲ್ಲಿ ಈ ಎಡವಟ್ಟು ಸುಲಭ. ಯುದ್ಧಕಾಲದ ವಿಲ್ಲಿಸ್ ಜೀಪಿನದು 4.88, ನಂತರ ಬಂದ ಸಿಜೆ-3ಬಿ ಜೀಪಿನದು 5.38. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಹಿಂದೆ ಒಂದು, ಮುಂದೆ ಇನ್ನೊಂದು ಹಾಕಿ ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಎರಡು ಎಕ್ಸಲ್‌ಗಳು ಜಗಳಕ್ಕೆ ನಿಂತು ಗೇರೋ ಶಾಫ್ಟೋ ಮುರಿಯುತ್ತೆ.

ಪೆಟ್ರೋಲ್ ಉಳಿಯುತ್ತಾ?

"ಮೈಲೇಜ್ ಜಾಸ್ತಿ ಆಗುತ್ತಲ್ಲ, ದುಡ್ಡು ತಾನಾಗೇ ವಾಪಸ್ ಬರುತ್ತೆ" ಅನ್ನುವ ಮಾತು ಸಾಮಾನ್ಯ. ಒಂದು ಕಾಲ್ಪನಿಕ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಕಾರು ವರ್ಷಕ್ಕೆ 4000 ಕಿಲೋಮೀಟರ್ ಓಡುತ್ತೆ, 100 ಕಿಲೋಮೀಟರಿಗೆ 7.5 ಲೀಟರ್ ಕುಡಿಯುತ್ತೆ, ಪೆಟ್ರೋಲ್ ಲೀಟರಿಗೆ 1.80 ಯೂರೋ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ಲೀಟರ್, 540 ಯೂರೋ. ಸುತ್ತು ಶೇಕಡಾ 7.6 ಇಳಿದರೂ ಪೆಟ್ರೋಲ್ ಅಷ್ಟೇ ಇಳಿಯೋದಿಲ್ಲ, ಯಾಕೆಂದರೆ ಗಾಳಿಯನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಅದೇ ಇರುತ್ತೆ. ಉದಾರವಾಗಿ ಶೇಕಡಾ 5 ಅಂದುಕೊಂಡರೂ ಉಳಿತಾಯ ವರ್ಷಕ್ಕೆ 27 ಯೂರೋ. ಡಿಫರೆನ್ಶಿಯಲ್, ಕೂಲಿ, ಆಯಿಲ್, ಸ್ಪೀಡೋಮೀಟರ್ ಎಲ್ಲ ಸೇರಿ 700 ಯೂರೋ ಖರ್ಚಾಯಿತು ಅಂತಾದರೆ ಅಸಲು ವಾಪಸ್ ಬರೋಕೆ 26 ವರ್ಷ. ಬಡ್ಡಿ ಲೆಕ್ಕಕ್ಕೇ ತಗೊಂಡಿಲ್ಲ. ಅಂದರೆ ಪೆಟ್ರೋಲ್ ಉಳಿಸೋಕೆ ಇದನ್ನು ಮಾಡಬಾರದು. ನೆಮ್ಮದಿಯ ಪ್ರಯಾಣಕ್ಕೆ, ಇಂಜಿನ್ನಿನ ಆಯುಷ್ಯಕ್ಕೆ ಕೊಡುವ ದುಡ್ಡು ಅಂತ ಒಪ್ಪಿಕೊಂಡು ಮಾಡಿದರೆ ಸರಿ.

ಕಾಗದಪತ್ರದ ಲೆಕ್ಕ

ಐರ್ಲೆಂಡಿನಲ್ಲಿ 30 ವರ್ಷ ದಾಟಿದ ಕಾರಿಗೆ ವರ್ಷದ ರೋಡ್ ಟ್ಯಾಕ್ಸ್ 56 ಯೂರೋ ಮಾತ್ರ. 40 ವರ್ಷ ದಾಟಿದರೆ ಎನ್‌ಸಿಟಿ ಎಂಬ ಕಡ್ಡಾಯ ತಪಾಸಣೆಯಿಂದಲೂ ವಿನಾಯಿತಿ. ಇದು ಸೌಲಭ್ಯವೂ ಹೌದು, ಅಪಾಯವೂ ಹೌದು. ತಪಾಸಣೆ ಮಾಡುವವರು ಯಾರೂ ಇಲ್ಲ ಅಂದರೆ ಸೋರುವ ಸೀಲು, ಸಡಿಲ ನಟ್ಟು ಹಿಡಿಯುವ ಜವಾಬ್ದಾರಿ ಪೂರ್ತಿ ಮಾಲೀಕರ ತಲೆ ಮೇಲೆ.

ಇನ್ಶೂರೆನ್ಸ್ ಕಂಪನಿಗಳು ಪಾಲಿಸಿ ಕೊಡುವಾಗ "ಕಾರಿನಲ್ಲಿ ಮಾರ್ಪಾಟು ಮಾಡಿದ್ದೀರಾ?" ಅಂತ ಕೇಳುತ್ತವೆ. ಡಿಫರೆನ್ಶಿಯಲ್ ಹೊರಗೆ ಕಾಣೋದಿಲ್ಲ ಅಂತ "ಇಲ್ಲ" ಎಂದು ಬರೆದರೆ, ಮುಂದೊಂದು ದಿನ ಅಪಘಾತವಾಗಿ ಸರ್ವೇಯರ್ ಹಲ್ಲು ಎಣಿಸಿದಾಗ ಕ್ಲೇಮಿಗೇ ಕುತ್ತು ಬರಬಹುದು. ಬದಲಿಸುವ ಮೊದಲೇ ಈಮೇಲ್ ಹಾಕಿ, ಬಂದ ಉತ್ತರವನ್ನು ತೆಗೆದಿಟ್ಟುಕೊಳ್ಳಬೇಕು. ಹಳೇ ಕಾರಿನ ಪಾಲಿಸಿ ಕೊಡುವ ಕಂಪನಿಗಳಿಗೆ ಇಂಥ ಪ್ರಶ್ನೆ ಹೊಸದಲ್ಲ.

ಬೇರೆ ಕಡೆ ನಿಯಮ ಇನ್ನೂ ಬಿಗಿ. ಯುಎಇಯಲ್ಲಿ ಅನುಮತಿ ಇಲ್ಲದೆ ಇಂಜಿನ್ ಅಥವಾ ಚಾಸಿಯಲ್ಲಿ ಮಾರ್ಪಾಟು ಮಾಡಿದರೆ 1000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ. ಡಿಫರೆನ್ಶಿಯಲ್ ಮುಟ್ಟುವ ಮೊದಲೂ ಒಂದು ಮಾತು ಕೇಳಿಕೊಳ್ಳುವುದು ಜಾಣತನ. ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. ಊರಿನ ಜೀಪಿಗೆ ಇಲ್ಲಿಂದ ಸಾಮಾನು ಕಳಿಸುವವರು ಆರ್‌ಟಿಓದಲ್ಲಿ ಮೊದಲು ವಿಚಾರಿಸುವುದು ಒಳ್ಳೆಯದು.

ದುಡ್ಡು ಕೊಡುವ ಮೊದಲು

ದಿನನಿತ್ಯದ ಹೈಬ್ರಿಡ್, ಎಲೆಕ್ಟ್ರಿಕ್ ಕಾರು ಇರುವವರಿಗೆ ಈ ಗೋಜಲು ಬೇಕಿಲ್ಲ. ಮುಂದಿನ ಚಕ್ರ ತಿರುಗುವ ಕಾರುಗಳಲ್ಲಿ ಡಿಫರೆನ್ಶಿಯಲ್ ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇರುತ್ತೆ. ಕಂಪನಿ ಕೊಟ್ಟಿದ್ದನ್ನು ಮುಟ್ಟದಿರುವುದೇ ಲೇಸು. ಎಲೆಕ್ಟ್ರಿಕ್ ಕಾರಿಗೂ ಒಂದು ರೇಶಿಯೊ ಇದ್ದೇ ಇದೆ, ನಿಸಾನ್ ಲೀಫ್‌ನಲ್ಲಿ ಸುಮಾರು 8. ಆದರೆ ಮೋಟಾರಿಗೆ ನಿಂತಲ್ಲೇ ಎಳೆತ, ಹೆಚ್ಚು ಸುತ್ತಿನಲ್ಲೂ ಸದ್ದಿಲ್ಲದ ಓಟ, ಎರಡೂ ಇರುವುದರಿಂದ ಆರಿಸುವ ಕಷ್ಟ ಮಾಲೀಕರಿಗೆ ಬರೋದಿಲ್ಲ.

ಹಳೇ ಕಾರಿನವರಿಗೆ ಮಾತ್ರ ಆ ಕಷ್ಟ ಇದೆ. ಒಂದು ತಿಂಗಳು ಡೈರಿ ಇಡುವುದು ಒಳ್ಳೆಯ ದಾರಿ: ಎಷ್ಟು ಕಿಲೋಮೀಟರ್ ಹೆದ್ದಾರಿ, ಎಷ್ಟು ಊರೊಳಗೆ, ಎಷ್ಟು ಸಲ ಕಾರು ತುಂಬ ಜನ, ಎಷ್ಟು ಸಲ ಏರು. ತಿಂಗಳ ಕೊನೆಗೆ ಹೆದ್ದಾರಿಯೇ ಹೆಚ್ಚು ಬಂದರೆ 3.9 ಹುಡುಕಬಹುದು. ಊರೊಳಗೇ ಹೆಚ್ಚು ಬಂದರೆ 4.22 ಇದ್ದಲ್ಲೇ ಇರಲಿ. ಆ ದುಡ್ಡಿಗೆ ಒಳ್ಳೆಯ ಟೈರು, ಹೊಸ ಬ್ರೇಕ್ ಶೂ, ಹಿಂದಿನ ಸೀಟಿಗೆ ಸೀಟ್ ಬೆಲ್ಟ್ ಹಾಕಿಸಬಹುದು. ಎಂ50ಯಲ್ಲಿ 100ರ ಬದಲು ಎಡಗಡೆಯ ಲೇನಿನಲ್ಲಿ 85ರಲ್ಲಿ ಹೋದರೂ ಇಂಜಿನ್ ಸುತ್ತು 3300ಕ್ಕೆ ಇಳಿಯುತ್ತೆ. 3.9 ಹಾಕಿಸಿ 100ರಲ್ಲಿ ಓಡಿದ್ದಕ್ಕಿಂತಲೂ ಅದು ಕಡಿಮೆ, ಅದೂ ಒಂದು ಪೈಸೆ ಖರ್ಚಿಲ್ಲದೆ. ಏನು, ಮನೆಗೆ ಮುಟ್ಟೋಕೆ ಹತ್ತು ನಿಮಿಷ ತಡವಾಗುತ್ತೆ, ಅಷ್ಟೇ.